‘ನಿನ್ನ ಕೈಲಿ ಆಗುತ್ತದೆಯೇ’ ಎಂದು ನಮ್ಮನ್ನು ಕೇಳುವ ಮುನ್ನ: ಎಥಿಕ್ಸ್ ಕಮಿಟಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯದ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳ ಅಧ್ಯಕ್ಷರು ಹಾಗೂ ಸದಸ್ಯರಿಗೆ,
ಮತ್ತು ತಮ್ಮ ಸಿಬ್ಬಂದಿಯ ಮೇಲೆ ಸಮೀಕ್ಷೆ ನಡೆಸಲು ಅನುಮತಿ ಕೊಡುವ ಆಸ್ಪತ್ರೆಗಳ ಮುಖ್ಯಸ್ಥರಿಗೆ

ವಿಷಯ: ಆಸ್ಪತ್ರೆ ಸಿಬ್ಬಂದಿಯ ‘ಸ್ವಯಂ ದಕ್ಷತೆ’ಯನ್ನು (ಒಂದು ಕೆಲಸ ತನ್ನಿಂದ ಆಗುತ್ತದೆ ಎಂಬ ನಂಬಿಕೆಯನ್ನು) ಪ್ರಶ್ನಾವಳಿಯಿಂದ ಅಳೆಯುವ ಕ್ರಮದ ಬಗ್ಗೆ

ಮಾನ್ಯರೇ,

ನಾನು 21 ವರ್ಷಗಳಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಅದರಲ್ಲಿ 14 ವರ್ಷ ಹೆರಿಗೆ ವಿಭಾಗದಲ್ಲೇ ಕಳೆದಿದೆ. ನಡುವೆ ಇಲಾಖೆಯ ಅನುಮತಿ ಪಡೆದು ಎಂ.ಎಸ್ಸಿ. ನರ್ಸಿಂಗ್ ಓದಿದೆ; ಆಗ ನಾನೂ ಒಂದು ಪ್ರಶ್ನಾವಳಿ ಹಿಡಿದುಕೊಂಡು ಬೇರೆ ಊರಿನ ಆಸ್ಪತ್ರೆಯ ನರ್ಸ್‌ಗಳ ಮುಂದೆ ನಿಂತಿದ್ದೆ. ಕೇಳುವವರ ಕಡೆಯನ್ನೂ ಉತ್ತರಿಸುವವರ ಕಡೆಯನ್ನೂ ಕಂಡವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಯಾವ ಆಸ್ಪತ್ರೆ, ಯಾವ ಕಾಲೇಜು, ಯಾರು ಸಂಶೋಧಕರು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬರ ಮೇಲೆ ದೂರು ಕೊಟ್ಟು ಮುಗಿಸುವ ವಿಷಯ ಇದಲ್ಲ. ಸೂಜಿ ಚುಚ್ಚುವುದಿಲ್ಲ, ಔಷಧಿ ಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುವುದು ತಾನೇ ಎಂದು ಅಪಾಯವಿಲ್ಲದವುಗಳ ಸಾಲಿಗೆ ಸೇರಿಬಿಡುವ ಒಂದು ಬಗೆಯ ಅಧ್ಯಯನದ ವಿಷಯ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ 8 ಗಂಟೆಗೆ, ರಾತ್ರಿ ಡ್ಯೂಟಿ ಮುಗಿಸಿ ನಾವು ಹ್ಯಾಂಡ್‌ಓವರ್ ಕೊಡುತ್ತಿದ್ದಾಗ, ಮೂರು ಹಾಳೆಯ ಒಂದು ಪ್ರಶ್ನಾವಳಿ ಕೈಗೆ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಶುಶ್ರೂಷಾ ಸಿಬ್ಬಂದಿಯ ಸ್ವಯಂ ದಕ್ಷತೆಯ ಮಾಪನ’ ಎಂದಿತ್ತು. ಅದರ ಕೆಳಗೆ ಹೆಸರು, ಹುದ್ದೆ, ಸೇವಾವಧಿ, ಕೆಜಿಐಡಿ ಸಂಖ್ಯೆ (ಸರ್ಕಾರಿ ನೌಕರರ ವಿಮಾ ಸಂಖ್ಯೆ). ಗುತ್ತಿಗೆಯವರಾದರೆ ಮೊಬೈಲ್ ಸಂಖ್ಯೆ. ಆಮೇಲೆ ಹೇಳಿಕೆಗಳು, ಪ್ರತಿಯೊಂದರ ಎದುರು 1ರಿಂದ 4ರವರೆಗೆ ಅಂಕ. ಒಪ್ಪಿಗೆ ಪತ್ರ ಕೊನೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿತ್ತು. ಸಹಿ ಮಾಡಬೇಕಾದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಮೊದಲೇ ಗುರುತು ಹಾಕಿಟ್ಟಿದ್ದರು. ಸಂಶೋಧಕಿ ಇನ್ನೂ ವಿದ್ಯಾರ್ಥಿನಿ, ವಿನಯದ ಹುಡುಗಿ. ಆಕೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ತುಂಬಿದ ಹಾಳೆಗಳನ್ನು ಎಣಿಸಿ ತೆಗೆದುಕೊಂಡವರು ನಮ್ಮ ಮೇಲಿನವರು, ಪುಟ ತಿರುವಿ ನೋಡಿಯೇ ತೆಗೆದುಕೊಂಡರು.

ನಮ್ಮಲ್ಲಿ ಗುತ್ತಿಗೆಯ ಮೇಲೆ ಸೇರಿ ಎರಡು ವರ್ಷವೂ ತುಂಬದ ಹುಡುಗಿಯೊಬ್ಬಳಿದ್ದಳು. ಅವಳು ಪೆನ್ನು ಹಿಡಿದು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: “ಅಕ್ಕಾ, ನಿಜ ಬರೀಬೇಕಾ, ಒಳ್ಳೇದು ಬರೀಬೇಕಾ?” ನಾನು “ನಿಜಾನೇ ಬರಿ” ಎಂದೆ. ಉಸಿರಾಡದ ಮಗುವನ್ನು ಯಾರ ಸಹಾಯವೂ ಇಲ್ಲದೆ ನಿಭಾಯಿಸಬಲ್ಲೆ ಎಂಬ ಹೇಳಿಕೆಯ ಎದುರು ಅವಳು 2 ಹಾಕಿದಳು. ನಾನು ಆ ಹೇಳಿಕೆಗೂ, ಉಳಿದ ಎಲ್ಲದಕ್ಕೂ 4 ಹಾಕಿ, ಎಂಟೂಕಾಲಿನ ಬಸ್ಸಿಗೆ ಹೊರಟುಹೋದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಹಿರಿಯ ಸಿಸ್ಟರ್ ಉದ್ದಕ್ಕೂ 3 ಹಾಕಿದ್ದರು. ಯಾಕೆಂದು ಕೇಳಿದ್ದಕ್ಕೆ, “ಎಲ್ಲ ನನ್ನ ಕೈಲೇ ಆಗುತ್ತೆ ಅನ್ನೋಕೆ ನಾನ್ಯಾರಮ್ಮ? ಆ ಹೊತ್ತಿಗೆ ದೇವರು ನಡೆಸಿದ ಹಾಗೆ” ಎಂದರು. ಆ ಆಸ್ಪತ್ರೆಯಲ್ಲಿ ಅವರಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ.

ನವೆಂಬರಿನ ಒಂದು ರಾತ್ರಿ ಎರಡೂವರೆ ಗಂಟೆಗೆ ಹುಟ್ಟಿದ ಮಗು ಅಳಲಿಲ್ಲ. ವೈದ್ಯರು ತಾಯಿಯ ಬಳಿ ಇದ್ದರು. ಆ ಹುಡುಗಿ ಮಗುವನ್ನು ವಾರ್ಮರ್ ಮೇಲೆ ಮಲಗಿಸಿ, ಒರೆಸಿ, ಒದ್ದೆ ಬಟ್ಟೆ ತೆಗೆದು, ಬೆನ್ನು ತಿಕ್ಕಿದಳು. ಮಗು ಉಸಿರೆಳೆಯಲಿಲ್ಲ. ಹಿರಿಯಳು ನಾನಾದ್ದರಿಂದ ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ, ನಾನು ಕೈಗೆತ್ತಿಕೊಂಡೆ. 1ನೇ ನಂಬರಿನ ಮಾಸ್ಕ್ ಇಟ್ಟು ಒತ್ತಿದೆ. ಎದೆ ಏಳಲಿಲ್ಲ. ಮತ್ತೆ ಒತ್ತಿದೆ, ಮಾಸ್ಕಿನ ಅಂಚಿನಿಂದ ಗಾಳಿ ಸೋರುವ ಸದ್ದು ನನಗೇ ಕೇಳಿಸಿತು. ಅದಕ್ಕೂ ಹಿಂದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನನ್ನನ್ನು ಬಾಣಂತಿಯರ ವಾರ್ಡಿಗೆ ಹಾಕಿದ್ದರು, ಆ ಅವಧಿಯಲ್ಲಿ ಬ್ಯಾಗನ್ನು ಒಮ್ಮೆಯೂ ಮುಟ್ಟಿರಲಿಲ್ಲ. “ಅಕ್ಕಾ, ಸೀಲ್ ಆಗ್ತಿಲ್ಲ, ನಾನು ಹಿಡೀತೀನಿ” ಎಂದು ಅವಳು ಬ್ಯಾಗನ್ನು ತೆಗೆದುಕೊಂಡಳು. ತಲೆಯನ್ನು ಕೊಂಚ ಹಿಂದಕ್ಕೆ ಸರಿಪಡಿಸಿ, ಗದ್ದವನ್ನು ಬೆರಳಿನಿಂದ ಮೇಲೆತ್ತಿ, ಮಾಸ್ಕನ್ನು ಕೂರಿಸಿ, ಕಲಿತ ಹಾಗೆ “ಬ್ರೀದ್, ಟೂ, ತ್ರೀ” ಎಂದು ಬಾಯಲ್ಲಿ ಎಣಿಸುತ್ತ ಒತ್ತಿದಳು. ಎದೆ ಎದ್ದಿತು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು.

ಪ್ರಶ್ನಾವಳಿಯ ಪ್ರಕಾರ ಆ ಕೋಣೆಯಲ್ಲಿ 4 ಅಂಕದವಳು ನಾನು, 2 ಅಂಕದವಳು ಅವಳು.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಗುತ್ತಿಗೆ ನವೀಕರಣದ ಮಾತು ಬಂದಾಗ ಅವಳನ್ನು ಕರೆದು ಕೂರಿಸಿ, “ನೀನೇ ಬರೆದು ಕೊಟ್ಟಿದ್ದೀಯಲ್ಲ, ನಿನ್ನ ಕೈಲಿ ಆಗಲ್ಲ ಅಂತ” ಎಂದು ಕೇಳಿದರು. ಹಾಳೆಗಳ ಜೆರಾಕ್ಸ್ ಪ್ರತಿಗಳು ಕಚೇರಿಯಲ್ಲೇ ಉಳಿದಿವೆಯೆಂದು ನಮಗೆ ಗೊತ್ತಾದದ್ದು ಆಗ. ಗುತ್ತಿಗೆಯೇನೋ ಮುಂದುವರಿಯಿತು. ಆದರೆ ಅವಳನ್ನು ಹೆರಿಗೆ ಕೋಣೆಯಿಂದ ತೆಗೆದು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ನಿಜ ಬರೆ ಎಂದು ಹೇಳಿದವಳು ನಾನು. ಆ ಮಾತಿನ ಭಾರ ನನ್ನ ಮೇಲಿದೆ, ಮತ್ತು ಅಂಥ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟವರ ಮೇಲೂ ಅದರ ಒಂದು ಪಾಲು ಇದೆಯೆಂದು ಗೌರವದಿಂದಲೇ ಹೇಳುತ್ತೇನೆ.

ಮಾನ್ಯರೇ, ಸ್ವಯಂ ದಕ್ಷತೆ ಎಂಬ ಈ ಪರಿಕಲ್ಪನೆಯನ್ನು ಅಳೆಯಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ಮುಂದಿಟ್ಟಾಗ ಹೇಳಿದ್ದು ನಮ್ಮ ದಿನನಿತ್ಯದ ಅನುಭವಕ್ಕೆ ಹತ್ತಿರವಾದದ್ದು: ಒಂದು ಕೆಲಸ ತನ್ನಿಂದ ಆಗುತ್ತದೆ ಎಂದು ನಂಬಿದವರು ಅದಕ್ಕೆ ಕೈ ಹಾಕುತ್ತಾರೆ, ಅಡ್ಡಿ ಬಂದರೂ ಬಿಡದೆ ಮುಂದುವರಿಯುತ್ತಾರೆ, ನಂಬಿಕೆ ಇಲ್ಲದವರು, ಕೌಶಲವಿದ್ದರೂ ಹಿಂಜರಿಯುತ್ತಾರೆ. ಹೆರಿಗೆ ಕೋಣೆಯಲ್ಲಿ ಇದು ಪುಸ್ತಕದ ಮಾತಲ್ಲ. ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರು ಮಾಡಬೇಕು. ಆ ನಿಮಿಷದಲ್ಲಿ ವೈದ್ಯರನ್ನು ಹುಡುಕಿಕೊಂಡು ಕಾರಿಡಾರಿನಲ್ಲಿ ಓಡುವ ನರ್ಸ್‌ಗೂ, ನಿಂತಲ್ಲೇ ಬ್ಯಾಗ್ ಕೈಗೆತ್ತಿಕೊಳ್ಳುವ ನರ್ಸ್‌ಗೂ ಇರುವ ವ್ಯತ್ಯಾಸ ಎಷ್ಟೋ ಸಲ ಈ ನಂಬಿಕೆಯದೇ. ಆ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ಬಂಡೂರ ಹೇಳಿದ್ದಾರೆ: ತಾನೇ ಮಾಡಿ ಗೆದ್ದ ಅನುಭವದಿಂದ, ತನ್ನಂಥವರು ಮಾಡುವುದನ್ನು ಕಂಡು, ನಂಬಿಕಸ್ಥರು ಹೇಳುವ ಧೈರ್ಯದ ಮಾತಿನಿಂದ, ಮತ್ತು ಆ ಕ್ಷಣದಲ್ಲಿ ನಮ್ಮ ದೇಹ ಮನಸ್ಸು ಇರುವ ಸ್ಥಿತಿಯಿಂದ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಇವುಗಳಲ್ಲಿ ಯಾವುದು ನಮಗೆ ಸಿಗುತ್ತಿಲ್ಲ ಎಂದು ತಿಳಿಯುವುದಕ್ಕಾಗಿ ಅಳೆಯುವುದಾದರೆ ನಾವೇ ಮೊದಲು ಸಾಲಿನಲ್ಲಿ ನಿಲ್ಲುತ್ತೇವೆ.

ಆದರೆ ಹೇಗೆ ಅಳೆಯಬೇಕು ಎಂಬುದಕ್ಕೂ ಅವರು 2006ರಲ್ಲಿ ಮಾರ್ಗದರ್ಶನ ಬರೆದಿಟ್ಟಿದ್ದಾರೆ. ಉತ್ತರವನ್ನು ಖಾಸಗಿಯಾಗಿ, ಹೆಸರಿಲ್ಲದೆ, ಬರೀ ಸಂಕೇತ ಸಂಖ್ಯೆಯೊಂದಿಗೆ ಪಡೆಯಬೇಕು. ನಾವು ಅಳೆಯುತ್ತಿರುವುದು ಇದನ್ನೇ ಎಂದು ತಲೆಬರಹದಲ್ಲಿ ಸಾರಬಾರದು. ಸಾದಾ ಹೆಸರೊಂದನ್ನು ಕೊಡಬೇಕು. ಎಲ್ಲ ಕೆಲಸಕ್ಕೂ ಹೊಂದುವ ಒಂದೇ ಅಳತೆಗೋಲು ಹೆಚ್ಚು ಪ್ರಯೋಜನಕ್ಕೆ ಬಾರದು. ಯಾವ ಕೆಲಸವೋ ಅದಕ್ಕೆ ತಕ್ಕ ಪ್ರಶ್ನೆಗಳನ್ನೇ, ಸುಲಭದಿಂದ ಕಷ್ಟಕ್ಕೆ ಏರುವಂತೆ ಜೋಡಿಸಬೇಕು. ನಮ್ಮ ಕೈಗೆ ಬಂದ ಹಾಳೆ ಇವುಗಳಲ್ಲಿ ಒಂದನ್ನೂ ಪಾಲಿಸಿರಲಿಲ್ಲ. ಅದರಲ್ಲಿ ಮಗುವಿನ ಬಗ್ಗೆ ಇದ್ದದ್ದು ಕೊನೆಗೆ ಸೇರಿಸಿದ್ದ ಒಂದೇ ಹೇಳಿಕೆ. ಉಳಿದವೆಲ್ಲ ಜರ್ಮನಿಯ ರಾಲ್ಫ್ ಶ್ವಾರ್ಟ್ಸರ್ ಮತ್ತು ಮಥಿಯಾಸ್ ಯೆರುಸಲೆಂ ರೂಪಿಸಿದ, ಹತ್ತು ಹೇಳಿಕೆಗಳ, 10ರಿಂದ 40ರವರೆಗೆ ಅಂಕ ಬರುವ ಸಾಮಾನ್ಯ ಮಾಪಕದಿಂದ ತೆಗೆದವು. ಜಗತ್ತಿನ ಹತ್ತಾರು ಭಾಷೆಗಳಲ್ಲಿ ಬಳಕೆಯಲ್ಲಿರುವ ಆ ಮಾಪಕದಲ್ಲಿ ದೋಷವಿದೆ ಎನ್ನುತ್ತಿಲ್ಲ. ಜೀವನದ ಕಷ್ಟಗಳನ್ನು ಒಬ್ಬ ಮನುಷ್ಯ ಒಟ್ಟಾರೆ ಹೇಗೆ ಎದುರಿಸಬಲ್ಲ ಎಂದು ತಿಳಿಯಲು ಅದನ್ನು ಮಾಡಿದ್ದು. ಯಾರಾದರೂ ತನ್ನನ್ನು ವಿರೋಧಿಸಿದರೂ ತನಗೆ ಬೇಕಾದುದನ್ನು ಪಡೆಯುವ ದಾರಿ ಕಂಡುಕೊಳ್ಳಬಲ್ಲೆ ಎಂಬ ಅರ್ಥದ ಹೇಳಿಕೆಯೊಂದು ಅದರಲ್ಲಿದೆ. ಗುತ್ತಿಗೆಯಲ್ಲಿರುವ ನರ್ಸ್ ಒಬ್ಬಳು ತನ್ನ ಹೆಸರು ಬರೆದು, ಮೇಲಧಿಕಾರಿ ಎದುರು ನಿಂತಿರುವಾಗ, ಅದಕ್ಕೆ ಎಷ್ಟು ಅಂಕ ಹಾಕಬೇಕು? ಹಾಕಿದ ಅಂಕದಿಂದ ಅವಳು ರಕ್ತಸ್ರಾವದ ತಾಯಿಯನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂದು ಯಾರಿಗೆ ಏನು ತಿಳಿಯುತ್ತದೆ?

ಕನ್ನಡದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ‘ದಕ್ಷತೆ’ ಎಂಬ ಮಾತು ಸರ್ಕಾರಿ ನೌಕರರ ಕಿವಿಗೆ ಬೀಳುವುದು ಎರಡೇ ಕಡೆ: ಬೀಳ್ಕೊಡುಗೆಯ ಭಾಷಣದಲ್ಲಿ ಮತ್ತು ಶಿಸ್ತಿನ ನೋಟಿಸಿನಲ್ಲಿ. ಹಾಳೆಯ ನೆತ್ತಿಯ ಮೇಲೆ ‘ಸ್ವಯಂ ದಕ್ಷತೆ’ ಎಂದು ಓದಿದ ಕೂಡಲೇ ಇದು ನಮ್ಮ ಕೆಲಸದ ತಪಾಸಣೆ ಎಂದು ಎಲ್ಲರೂ ತಿಳಿದರು. ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಮಾತಿದೆ. ‘ನನ್ನ ಕೈಲಿ ಆಗುತ್ತದೆ’ ಎನ್ನುತ್ತೇವೆ. ಅಡುಗೆಗೂ ಅದನ್ನೇ ಅನ್ನುತ್ತೇವೆ, ಕ್ಯಾನುಲಾ ಹಾಕುವುದಕ್ಕೂ ಅದನ್ನೇ. ಆದರೆ ಅದೇ ಮಾತಿನ ಬೆನ್ನಿಗೆ ‘ಕೈಲಾಗದವಳು’ ಎಂಬ ಬೈಗುಳವೂ ಅಂಟಿಕೊಂಡಿದೆ. ಹೆಸರು ಬರೆಸಿಕೊಂಡು ‘ನಿನ್ನ ಕೈಲಿ ಆಗುತ್ತದೆಯೇ’ ಎಂದು ಕೇಳಿದರೆ, ‘ಇಲ್ಲ’ ಎಂಬ ಉತ್ತರ ತನ್ನನ್ನು ತಾನೇ ಬೈದುಕೊಂಡಂತೆ. ಇನ್ನು ಅನುವಾದದಲ್ಲಿ ಅರ್ಧ ಹೇಳಿಕೆಗಳು ‘ಮಾಡಬಲ್ಲೆ’ ಎಂದು ಮುಗಿದರೆ ಉಳಿದರ್ಧ ‘ಮಾಡುತ್ತೇನೆ’ ಎಂದು ಮುಗಿದಿದ್ದವು. ‘ಮಾಡಬಲ್ಲೆ’ ಎಂಬುದು ಶಕ್ತಿಯ ಮಾತು, ‘ಮಾಡುತ್ತೇನೆ’ ಎಂಬುದು ರೂಢಿಯ ಮಾತು ಅಥವಾ ಕೊಟ್ಟ ಮಾತು. ಈ ಮಾಪನ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ‘ನನಗೆ ಕಷ್ಟವೆನಿಸುವುದಿಲ್ಲ ಎಂಬುದು ಅಷ್ಟೇನೂ ನಿಜವಲ್ಲ’ ಎಂಬಂಥ ಉತ್ತರವನ್ನು ರಾತ್ರಿಯಿಡೀ ಎಚ್ಚರವಿದ್ದವರು ಬಿಡಿಸಿ ಅರ್ಥ ಮಾಡಿಕೊಳ್ಳಬೇಕಾಯಿತು. ಒಬ್ಬರು ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರು ಮೂಲ ನೋಡದೆ ಇಂಗ್ಲಿಷಿಗೆ ಮರಳಿ ತಂದು ತಾಳೆ ನೋಡುವುದು ಹಳೆಯ, ಒಪ್ಪಿತವಾದ ಕ್ರಮ. ಆದರೆ ಅದೊಂದೇ ಸಾಲದು. ಪುಸ್ತಕದ ಕನ್ನಡವನ್ನು ಪುಸ್ತಕದ ಇಂಗ್ಲಿಷಿಗೆ ತಿರುಗಿಸಿದರೆ ಎರಡೂ ಚೆನ್ನಾಗಿಯೇ ಹೊಂದುತ್ತವೆ. ನಾಲ್ಕಾರು ನರ್ಸ್‌ಗಳನ್ನು ಕೂರಿಸಿಕೊಂಡು, ಪ್ರತಿ ಹೇಳಿಕೆಯನ್ನೂ ಓದಿಸಿ, ‘ಇದರಲ್ಲಿ ನಿಮಗೆ ಏನು ಅರ್ಥವಾಯಿತು’ ಎಂದು ಅವರ ಬಾಯಿಂದಲೇ ಕೇಳುವವರೆಗೆ ಅನುವಾದ ಮುಗಿದಂತಲ್ಲ.

ಇಂಥ ಪ್ರಬಂಧಗಳಲ್ಲಿ ಕ್ರಾನ್‌ಬಾಕ್ ಆಲ್ಫಾ 0.7ಕ್ಕಿಂತ ಮೇಲಿದೆ, ಆದ್ದರಿಂದ ಪ್ರಶ್ನಾವಳಿ ವಿಶ್ವಾಸಾರ್ಹ ಎಂದು ಬರೆಯುವುದು ವಾಡಿಕೆ. ನನ್ನ ಪ್ರಬಂಧದಲ್ಲೂ ಆ ವಾಕ್ಯವಿದೆ. 1951ರಿಂದ ಬಳಕೆಯಲ್ಲಿರುವ ಆ ಲೆಕ್ಕ ಹೇಳುವುದು ಒಂದೇ ಹಾಳೆಯ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ಮಾತ್ರ. ಹೆದರಿದವಳು ಎಲ್ಲಕ್ಕೂ 4 ಹಾಕಿದರೆ, ವಿನಯದ ಹಿರಿಯರು ಎಲ್ಲಕ್ಕೂ 3 ಹಾಕಿದರೆ, ಬೇಸತ್ತವರು ಎಲ್ಲಕ್ಕೂ 2 ಹಾಕಿದರೆ, ಆಲ್ಫಾ ಬಹಳ ಚೆನ್ನಾಗಿ ಬರುತ್ತದೆ. ಆಗ ಅಳತೆಗೆ ಸಿಕ್ಕಿದ್ದು ಹೆದರಿಕೆ, ವಿನಯ ಮತ್ತು ಬೇಸರ.

ಆತ್ಮವಿಶ್ವಾಸದ ಅಂಕವನ್ನು ಕೌಶಲದ ಅಂಕವೆಂದು ಓದುವುದು ಇದಕ್ಕಿಂತ ದೊಡ್ಡ ತಪ್ಪು. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ, ವೈದ್ಯರು ತಮಗೆ ತಾವೇ ಕೊಟ್ಟುಕೊಂಡ ಅಂಕವನ್ನೂ ಬೇರೆಯವರು ನೋಡಿ ಕೊಟ್ಟ ಅಂಕವನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 20 ಹೋಲಿಕೆಗಳಲ್ಲಿ 13ರಲ್ಲಿ ಸಂಬಂಧ ತೀರಾ ಕಡಿಮೆಯಿತ್ತು, ಇರಲೇ ಇಲ್ಲ, ಇಲ್ಲವೇ ತಿರುವುಮುರುವಾಗಿತ್ತು. ತಜ್ಞ ವೈದ್ಯರ ವಿಷಯದಲ್ಲೇ ಹೀಗಿರುವಾಗ ನನ್ನ 4 ಮತ್ತು ಆ ಹುಡುಗಿಯ 2ರಿಂದ ಯಾರನ್ನು ಯಾವ ಕೋಣೆಗೆ ಹಾಕಬೇಕೆಂದು ತೀರ್ಮಾನಿಸಬಹುದೇ? ತರಬೇತಿಯ ಮುಂಚೆ ಒಂದು ಹಾಳೆ, ಅದೇ ಸಂಜೆ ಇನ್ನೊಂದು ಹಾಳೆ ತುಂಬಿಸಿ, ಅಂಕ ಏರಿತು, ತರಬೇತಿ ಫಲಿಸಿತು ಎಂದು ಬರೆಯುವುದಕ್ಕೂ ಇದೇ ಮಾತು ಸಲ್ಲುತ್ತದೆ. ಮಗುವಿನ ಪುನಶ್ಚೇತನದ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಗುತ್ತದೆ. ನಂಬಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ನನಗೆ ಆದದ್ದು ಅದೇ. ಕೆಲವೊಮ್ಮೆ ಒಳ್ಳೆಯ ತರಬೇತಿಯ ನಂತರ ಅಂಕ ಇಳಿಯುವುದೂ ಉಂಟು, ಏಕೆಂದರೆ ತನಗೆ ಏನು ಗೊತ್ತಿರಲಿಲ್ಲ ಎಂಬುದು ಆಗಷ್ಟೇ ಗೊತ್ತಾಗಿರುತ್ತದೆ. ಆ ಇಳಿಕೆ ಕಲಿಕೆಯ ಗುರುತು.

ನನ್ನ ಮುಖ್ಯ ಅಹವಾಲು ಈಗ ಹೇಳುವುದು. ಬಂಡೂರ ಹೇಳಿದ ಹಾಗೆ ಕಷ್ಟದ ಮೆಟ್ಟಿಲು ಕಟ್ಟಿ, 0ರಿಂದ 100ರವರೆಗಿನ ಅಂಕದಲ್ಲಿ ನಮ್ಮನ್ನು ಕೇಳಿದ್ದರೆ ಪ್ರಶ್ನೆಗಳು ಹೀಗಿರುತ್ತಿದ್ದವು. ಹಗಲು ಪಾಳಿಯಲ್ಲಿ, ಜೊತೆಗೆ ಇನ್ನಿಬ್ಬರಿರುವಾಗ, ಉಸಿರಾಡದ ಮಗುವಿಗೆ ಎದೆ ಏಳುವಂತೆ ಬ್ಯಾಗಿನಿಂದ ಗಾಳಿ ಕೊಡಬಲ್ಲೆಯಾ? ರಾತ್ರಿ ಪಾಳಿಯಲ್ಲಿ, ಜೊತೆಗೆ ಒಬ್ಬರೇ ಇರುವಾಗ? ರಾತ್ರಿ ಪಾಳಿಯಲ್ಲಿ, ಆ ಒಬ್ಬರು ಪಕ್ಕದ ಟೇಬಲ್ಲಿನ ತಾಯಿಯ ರಕ್ತಸ್ರಾವ ನೋಡುತ್ತಿರುವಾಗ? ಬ್ಯಾಗಿನ ವಾಲ್ವ್ ಅಂಟಿಕೊಳ್ಳುತ್ತಿದೆ, ಬದಲಿ ಬ್ಯಾಗ್ ಸ್ಟೋರಿನ ಬೀಗದೊಳಗಿದೆ ಎಂದು ಗೊತ್ತಿರುವಾಗ? ಮೊದಲ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಪ್ರಾಮಾಣಿಕವಾಗಿ 90 ಹಾಕುತ್ತಿದ್ದರು. ಕೊನೆಯದಕ್ಕೆ ಬರುವ ಹೊತ್ತಿಗೆ ನಾನು 30 ಹಾಕುತ್ತಿದ್ದೆ. 90ರಿಂದ 30ಕ್ಕೆ ಇಳಿದದ್ದು ನಾನಲ್ಲ, ನನ್ನ ಕೈಯೂ ಅಲ್ಲ. ಇಳಿದದ್ದು ಪಾಳಿಯ ಜನ ಮತ್ತು ಕೋಣೆಯ ಸಾಮಾನು. ಎಲ್ಲಿ, ಯಾವ ಮೆಟ್ಟಿಲಿನಲ್ಲಿ ಇಳಿಯಿತು ಎಂಬುದನ್ನು ಒಳ್ಳೆಯ ಪ್ರಶ್ನಾವಳಿ ಬೆರಳಿಟ್ಟು ತೋರಿಸುತ್ತದೆ. ಅದಕ್ಕೇ ನಾನು ಅದನ್ನು ಬೇಡವೆನ್ನುವುದಿಲ್ಲ. ನಮ್ಮಲ್ಲಿ ನಡೆದ ಅಧ್ಯಯನ ಈ ಪರಿಸ್ಥಿತಿಗಳಲ್ಲಿ ಒಂದನ್ನೂ ಕೇಳಲಿಲ್ಲ. ಸರಾಸರಿ ಅಂಕ ಕಡಿಮೆ ಬಂದ ವಿಭಾಗ ಎಂದು ನಮ್ಮ ಹೆರಿಗೆ ವಿಭಾಗದ ಹೆಸರನ್ನು ಒಂದು ಸಭೆಯಲ್ಲಿ ಓದಿ, ವ್ಯಕ್ತಿತ್ವ ವಿಕಸನದ ಉಪನ್ಯಾಸವೊಂದನ್ನು ಏರ್ಪಡಿಸಿದರು. ವಾಲ್ವ್ ಅಂಟಿಕೊಳ್ಳುವ ಬ್ಯಾಗ್ ಮುಂದೆಯೂ ಎಷ್ಟೋ ದಿನ ಹಾಗೇ ಇತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಅನುಕೂಲದ ಆಸೆಗೋ, ಒಪ್ಪದಿದ್ದರೆ ಏನಾಗುವುದೋ ಎಂಬ ಭಯಕ್ಕೋ ಸಂಶೋಧನೆಗೆ ಒಪ್ಪಿಗೆ ಕೊಟ್ಟುಬಿಡಬಹುದಾದವರ ಪಟ್ಟಿಯಲ್ಲಿ ವಿದ್ಯಾರ್ಥಿಗಳು, ನೌಕರರು, ಕೈಕೆಳಗಿನವರ ಜೊತೆಗೆ ಆರೋಗ್ಯ ಸಿಬ್ಬಂದಿಯನ್ನೂ ಅದು ಸೇರಿಸಿದೆ. ಅಂದರೆ ರಕ್ಷಣೆ ಬೇಕಾದವರು ಎಂದು ನಿಮ್ಮ ಮುಂದಿರುವ ಪುಸ್ತಕವೇ ನಮ್ಮನ್ನು ಗುರುತಿಸಿದೆ. ಹಾಗಿರುವಾಗ ಪೆನ್ಸಿಲ್ ಗುರುತಿನ ಜಾಗದಲ್ಲಿ ಪಡೆದ ಸಹಿಯನ್ನು ಒಪ್ಪಿಗೆ ಎಂದು ಕರೆಯುವುದು ಹೇಗೆ? ಬೇಡವೆಂದು ಹೇಳುವ ಹಕ್ಕು ನಮಗಿದೆ ಎಂದು ಆ ಬೆಳಿಗ್ಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನನ್ನ ತಪ್ಪನ್ನೂ ಇಲ್ಲಿ ಬರೆದಿಡಬೇಕು. ಎಂ.ಎಸ್ಸಿ. ಓದುವಾಗ ನನಗೆ 60 ಮಂದಿಯ ಉತ್ತರ ಬೇಕಾಗಿತ್ತು, ಕೈಯಲ್ಲಿ ಎರಡು ವಾರ ಸಮಯವಿತ್ತು. ಆ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಬಳಿ ವಿನಂತಿಸಿಕೊಂಡೆ; ಅವರು ಎಲ್ಲರನ್ನೂ ಒಂದೇ ಹಾಲಿಗೆ ಕರೆಸಿ ಒಂದೇ ಮಧ್ಯಾಹ್ನ ತುಂಬಿಸಿಕೊಟ್ಟರು. ಎಷ್ಟು ಸಲೀಸಾಯಿತು ಎಂದು ಸಂತೋಷಪಟ್ಟೆ. ಪ್ರಬಂಧ ಸಲ್ಲಿಸಿದೆ, ಪದವಿ ಬಂತು, ಬಡ್ತಿಗೂ ನೆರವಾಯಿತು. ಆ 60 ಮಂದಿಗೆ ಫಲಿತಾಂಶ ಏನೆಂದು ಒಂದು ಹಾಳೆಯನ್ನೂ ನಾನು ಕಳಿಸಲಿಲ್ಲ. ಮುಂದೆ ಅವರ ಮುಖ ನೋಡುವ ಸಂದರ್ಭ ಬರಲಿಲ್ಲ, ಬಂದಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಆದ್ದರಿಂದ ಇವತ್ತಿನ ವಿದ್ಯಾರ್ಥಿನಿಯರನ್ನು ನಾನು ದೂರುವುದಿಲ್ಲ. ಅವರ ಮುಂದೆ ಗಡುವು ಇದೆ, ಗೈಡ್ ಇದ್ದಾರೆ, ಹಳೆಯ ಪ್ರಬಂಧಗಳ ಮಾದರಿ ಇದೆ. ‘ಹೀಗೆ ಮಾಡಬೇಡ’ ಎಂದು ಹೇಳುವ ಅಧಿಕಾರ ಇರುವುದು ನಿಮಗೆ.

ನಿಮ್ಮಲ್ಲಿ ನಾನು ಬೇಡುವುದು ಇಷ್ಟು. ಆಸ್ಪತ್ರೆ ಸಿಬ್ಬಂದಿಯ ಆತ್ಮವಿಶ್ವಾಸವನ್ನಾಗಲಿ, ಅಂಥ ಬೇರೆ ಮನೋಭಾವವನ್ನಾಗಲಿ ಅಳೆಯುವ ಯಾವ ಅಧ್ಯಯನಕ್ಕೂ, ಹೆಸರು, ಕೆಜಿಐಡಿ, ಮೊಬೈಲ್ ಸಂಖ್ಯೆ ಕೇಳುವ ಹಾಳೆಯೊಂದಿಗೆ ಒಪ್ಪಿಗೆ ಕೊಡಬೇಡಿ. ಹೆಸರು ತೆಗೆದರಷ್ಟೇ ಸಾಲದು: ಆರೇ ಮಂದಿ ಇರುವ ವಿಭಾಗದಲ್ಲಿ ವಯಸ್ಸು ಮತ್ತು ಸೇವಾವಧಿ ಬರೆದರೆ ಯಾರ ಹಾಳೆ ಯಾವುದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಆದ್ದರಿಂದ ಸಣ್ಣ ಆಸ್ಪತ್ರೆಗಳಲ್ಲಿ ಅವನ್ನೂ ಕೇಳಬಾರದು. ಹಾಳೆ ಹಂಚುವುದು, ಪಡೆಯುವುದು ಎರಡೂ ಸಂಶೋಧಕರ ಕೆಲಸವಾಗಬೇಕು. ಇನ್‌ಚಾರ್ಜ್‌ಗಳಾಗಲಿ ಅಧಿಕಾರಿಗಳಾಗಲಿ ಆ ಕೋಣೆಯಲ್ಲಿ ಇರಬಾರದು, ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಇಟ್ಟರೆ ಸಾಕು. ರಾತ್ರಿ ಪಾಳಿ ಮುಗಿಸಿದವರಿಗೆ ಆ ಬೆಳಿಗ್ಗೆ ಹಾಳೆ ಕೊಡಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿ, ಮೊದಲ ಪುಟದಲ್ಲಿ ಇರಬೇಕು. ಪ್ರಶ್ನೆಗಳು ಆ ವಿಭಾಗದ ಕೆಲಸದವೇ ಆಗಿರಬೇಕು, ಕನ್ನಡ ಪಠ್ಯವನ್ನು ನರ್ಸ್‌ಗಳಿಗೆ ಓದಿಸಿ ತಿದ್ದಿದ ದಾಖಲೆ ನಿಮ್ಮ ಮುಂದೆ ಬರಬೇಕು.

ಕೌಶಲದ ಬಗ್ಗೆ ತೀರ್ಮಾನ ಮಾಡುವ ಅಧ್ಯಯನವಾದರೆ ಗೊಂಬೆಯ ಮೇಲೆ ಮಾಡಿಸಿ ನೋಡುವ ಪರೀಕ್ಷೆಯೂ ಜೊತೆಗಿರಲಿ. 2017ರಲ್ಲಿ ಆರಂಭವಾದ ಹೆರಿಗೆ ಆರೈಕೆಯ ಗುಣಮಟ್ಟ ಸುಧಾರಿಸುವ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮದ ಮೂಲಕ ಹೆರಿಗೆ ಕೋಣೆಗಳಿಗೆ ಓಎಸ್‌ಸಿಇ ಮಾದರಿಯ (ಕೆಲಸವನ್ನು ಮಾಡಿಸಿ ನೋಡಿ, ಪಟ್ಟಿಯ ಪ್ರಕಾರ ಅಂಕ ಕೊಡುವ) ಕೌಶಲ ಪರೀಕ್ಷೆ ಈಗಾಗಲೇ ಪರಿಚಿತ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಕೆಲವು ತಿಂಗಳ ಬಳಿಕ ಅದನ್ನು ಇನ್ನೊಮ್ಮೆ ನೋಡಲಿ.

ಆಸ್ಪತ್ರೆಗಳ ಮುಖ್ಯಸ್ಥರಲ್ಲಿ ಬೇರೆಯೇ ಒಂದು ವಿನಂತಿ. ಅನುಮತಿ ಪತ್ರಕ್ಕೆ ಸಹಿ ಹಾಕುವಾಗ, ಈ ಉತ್ತರಗಳ ಪ್ರತಿಯನ್ನು ಕಚೇರಿ ಇಟ್ಟುಕೊಳ್ಳುವುದಿಲ್ಲ, ವರ್ಗಾವಣೆ, ಪಾಳಿ ಹಂಚಿಕೆ, ಗುತ್ತಿಗೆ ನವೀಕರಣ, ಬಡ್ತಿ ಇವುಗಳಲ್ಲಿ ಯಾವುದಕ್ಕೂ ಬಳಸುವುದಿಲ್ಲ ಎಂಬ ಮುಚ್ಚಳಿಕೆಯನ್ನೂ ಬರೆದುಕೊಡಿ, ಅದರ ಪ್ರತಿಯನ್ನು ನಮ್ಮ ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ. ಅಧ್ಯಯನ ಮುಗಿದ ಮೇಲೆ ಸಂಶೋಧಕರು ಬಂದು, ಒಟ್ಟು ಫಲಿತಾಂಶವನ್ನು ಕನ್ನಡದಲ್ಲಿ ನಮಗೆ ಓದಿ ಹೇಳುವ ದಿನಾಂಕ ನಿಗದಿಯಾಗುವವರೆಗೆ ಹಾಳೆ ಹಂಚಲು ಬಿಡಬೇಡಿ. ಯಾವ ಮೆಟ್ಟಿಲಿನಲ್ಲಿ ಅಂಕ ಇಳಿಯಿತು, ಅದಕ್ಕೆ ಆಸ್ಪತ್ರೆ ಏನು ಮಾಡಲಿದೆ ಎಂದು ಆ ದಿನ ನಾವು ಕೇಳುತ್ತೇವೆ.

ಆ ಹುಡುಗಿ ಈಗಲೂ ಇಂಜೆಕ್ಷನ್ ಕೋಣೆಯಲ್ಲೇ ಇದ್ದಾಳೆ. ಅವಳನ್ನು ಹೆರಿಗೆ ವಿಭಾಗಕ್ಕೆ ಮರಳಿ ಕರೆಸಿಕೊಳ್ಳಿ ಎಂದು ನಾನು ಲಿಖಿತವಾಗಿ ಮನವಿ ಕೊಟ್ಟಿದ್ದೇನೆ. ನವೆಂಬರಿನ ಆ ರಾತ್ರಿ ನಡೆದದ್ದನ್ನು, ನನ್ನ ಕೈ ತಪ್ಪಿದ್ದನ್ನೂ ಸೇರಿಸಿ, ಅದರಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಯಾವುದೇ ಸಮಿತಿ ಇಂಥ ಪ್ರಶ್ನಾವಳಿಯ ಕನ್ನಡ ಕರಡನ್ನು ಪರಿಶೀಲಿಸಲು ಬಯಸಿದರೆ, ನಾನು ಮತ್ತು ನನ್ನ ಐವರು ಸಹೋದ್ಯೋಗಿಗಳು ಡ್ಯೂಟಿ ಮುಗಿದ ಮೇಲೆ, ಮಧ್ಯಾಹ್ನ 2ರ ನಂತರ, ಕುಳಿತು ಸಾಲುಸಾಲಾಗಿ ಓದಿ ಕೊಡಲು ಸಿದ್ಧರಿದ್ದೇವೆ. ಅದಕ್ಕೆ ಭತ್ಯೆಯಾಗಲಿ ಪ್ರಮಾಣಪತ್ರವಾಗಲಿ ಬೇಡ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಹೆರಿಗೆ ವಿಭಾಗದ ಒಬ್ಬ ಶುಶ್ರೂಷಾಧಿಕಾರಿ